ಉದ್ದ ನಳಿಗೆಯ ಪರವಾಗಿ ನಾನು ವಾದಿಸಿದ ವರ್ಷ

ಕಾಸರಗೋಡಿನ ಅನಂತಪುರದ ಕೈಗಾರಿಕಾ ಪ್ರದೇಶಕ್ಕೆ ತಿರುಗುವ ರಸ್ತೆಯಲ್ಲಿ ಒಂದು ಹಳೆಯ ಗೇರುಬೀಜದ ಗೋದಾಮು ಇದೆ. ಈಗ ಅದರಲ್ಲಿ ಯಾರೋ ಪ್ಲಾಸ್ಟಿಕ್ ಕುರ್ಚಿಗಳನ್ನೂ ಮದುವೆ ಮಂಟಪದ ಸಾಮಾನುಗಳನ್ನೂ ತುಂಬಿಸಿಟ್ಟಿದ್ದಾರೆ. ಕೆಲವು ವರ್ಷಗಳ ಹಿಂದೆ ಅದೇ ಗೋದಾಮು ನಮ್ಮ ಭಾಗದ ಏಕೈಕ ಶೂಟಿಂಗ್ ರೇಂಜ್ ಆಗಿತ್ತು ಎಂದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ಹತ್ತು ಮೀಟರ್ ಉದ್ದದ ಐದು ಸಾಲುಗಳು, ಪ್ರತಿ ಸಾಲಿನ ಕೊನೆಯಲ್ಲಿ ಅಂಗೈಯಷ್ಟು ಅಗಲದ ಕಾಗದದ ಗುರಿ, ಆ ಕಾಗದವನ್ನು ಎಳೆದು ತರುವುದಕ್ಕೆ ಹಗ್ಗ ಮತ್ತು ರಾಟೆ. ಗೋಡೆಗಳಿಗೆ ಹಿಡಿದ ಗೇರುಸಿಪ್ಪೆಯ ಎಣ್ಣೆಯ ವಾಸನೆ ಎಷ್ಟು ಸುಣ್ಣ ಬಳಿದರೂ ಹೋಗಿರಲಿಲ್ಲ. ಸಂಜೆ ಮನೆಗೆ ಬಂದ ಮೇಲೆ ಅಂಗಿಯಲ್ಲಿ ಉಳಿಯುತ್ತಿದ್ದ ಆ ವಾಸನೆಯನ್ನು ನಾನು ಇಂದಿಗೂ ಗುರುತಿಸಬಲ್ಲೆ.

ನಾನು ಗುಂಡು ಹೊಡೆಯುವವನಲ್ಲ. ಅಧ್ಯಾಪಕ. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ತರಬೇತಾದವನು; ಯಾವ ವಿಷಯಕ್ಕೂ ಪರ ಮತ್ತು ವಿರೋಧ ಎಂಬ ಎರಡು ಬದಿಗಳಿರುತ್ತವೆ, ಎರಡನ್ನೂ ತೂಗಿದರೆ ಸತ್ಯ ಹೊರಬೀಳುತ್ತದೆ ಎಂಬ ನಂಬಿಕೆಯನ್ನು ಅಲ್ಲಿಂದಲೇ ತಂದವನು. ಊರಿನಲ್ಲಿ ವಾಚನಾಲಯ ಕಟ್ಟಿದೆ, ಎಣ್ಮಕಜೆಯ ಕಡೆ ಗೇರುತೋಟಗಳಿಗೆ ಸಿಂಪಡಿಸಿದ ವಿಷದಿಂದ ಕಾಯಿಲೆ ಬಿದ್ದ ಮಕ್ಕಳ ಮನೆಗಳಿಗಾಗಿ ಕಚೇರಿಗಳ ಮೆಟ್ಟಿಲು ಹತ್ತಿದೆ, ಹೆಣ್ಣುಮಕ್ಕಳಿಗೆ ಆಟದ ಬಯಲು ಬೇಕೆಂದು ಪಂಚಾಯತಿನಲ್ಲಿ ವಾದಿಸಿದೆ. ರೇಂಜ್ ಬಂದಾಗ ಅದರ ಸಮಿತಿಯಲ್ಲಿ ನನ್ನನ್ನು ಸೇರಿಸಿಕೊಂಡದ್ದು ಅರ್ಜಿಗಳನ್ನು ಬರೆಯಲು ಒಬ್ಬ ಬೇಕು ಎಂಬ ಕಾರಣಕ್ಕೆ.

ಆ ರೇಂಜಿಗೆ ಸೇರಿದ ಮೊದಲ ಹುಡುಗಿಯರಲ್ಲಿ ನನ್ನ ಅಕ್ಕನ ಮಗಳೂ ಒಬ್ಬಳು. ಕುಂಜತ್ತೂರಿನಲ್ಲಿ ಅಕ್ಕನ ಮನೆ; ಭಾವ ಕೊಲ್ಲಿ ದೇಶದಲ್ಲಿ ಕೆಲಸಕ್ಕಿದ್ದರು. ನಮ್ಮ ತುಳುವರ ಮನೆಗಳಲ್ಲಿ ಅಕ್ಕತಂಗಿಯರ ಮಕ್ಕಳ ವಿಚಾರದಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚು. ಅಳಿಯಸಂತಾನದ ಆಸ್ತಿಯ ಕಾನೂನು ಬದಲಾಗಿದೆ, ಆ ತೂಕ ಪೂರ್ತಿ ಇಳಿದಿಲ್ಲ. ಶಾಲೆ ಯಾವುದು, ಕಾಲೇಜಿನಲ್ಲಿ ವಿಷಯ ಯಾವುದು ಎಂದೆಲ್ಲ ಅಕ್ಕ ನನ್ನನ್ನೇ ಕೇಳುತ್ತಿದ್ದಳು. ಹೀಗೆ ಕೇಳುವ ಪದ್ಧತಿಯನ್ನು ನಾನು ಭಾಷಣಗಳಲ್ಲಿ ಟೀಕಿಸುತ್ತಿದ್ದೆ. ಮನೆಯಲ್ಲಿ ಕೇಳಿದಾಗ ಉತ್ತರ ಕೊಡುತ್ತಿದ್ದೆ.

ಹುಡುಗಿ ಎರಡು ವರ್ಷ ಕ್ಲಬ್ಬಿನ ಹಳೆಯ ಏರ್ ಪಿಸ್ತೂಲಿನಲ್ಲಿ ಅಭ್ಯಾಸ ಮಾಡಿದಳು. ಅವಳ ಗುರಿ ಒಂದೇ: ಒಂದು ಸಲವಾದರೂ ರಾಷ್ಟ್ರೀಯ ಸ್ಪರ್ಧೆಯಲ್ಲಿ ನಿಲ್ಲಬೇಕು. ಅದಕ್ಕೆ ರಾಜ್ಯದ ಸ್ಪರ್ಧೆಯಲ್ಲಿ ಅರ್ಹತೆಯ ಅಂಕ ಗಳಿಸಬೇಕು. ಡಿಗ್ರಿ ಮುಗಿದ ಮೇಲೆ ಬಿ.ಎಡ್., ಆಮೇಲೆ ಪಿಸ್ತೂಲು ಗಿಸ್ತೂಲು ಇಲ್ಲ ಎಂದು ಅಕ್ಕ ಹೇಳಿಯಾಗಿತ್ತು. ಅಂದರೆ ಉಳಿದಿದ್ದದ್ದು ಎರಡೇ ಎರಡು ರಾಜ್ಯ ಸ್ಪರ್ಧೆಗಳು. ಕ್ಲಬ್ಬಿನ ಪಿಸ್ತೂಲಿನ ಗಾಳಿಯ ಸಿಲಿಂಡರ್ ಸೋರಲು ತೊಡಗಿದಾಗ ಭಾವ ಅಲ್ಲಿಂದಲೇ ಫೋನ್ ಮಾಡಿ, ತಾವು ಕೊಳ್ಳಬೇಕೆಂದಿದ್ದ ಸ್ಕೂಟರ್ ಮುಂದಕ್ಕೆ ಹೋಗಲಿ, ಮಗಳಿಗೆ ಅವಳದೇ ಒಂದು ಪಿಸ್ತೂಲು ಆಗಲಿ ಎಂದರು.

ಕೊಚ್ಚಿಯ ಒಬ್ಬ ವ್ಯಾಪಾರಿಗೆ ನಾನೇ ಫೋನ್ ಮಾಡಿದೆ. ಒಂದೇ ಮಾದರಿಯಲ್ಲಿ ಎರಡು ಬಗೆಗಳಿವೆ, ಉದ್ದ ನಳಿಗೆಯದ್ದು ಮತ್ತು ಗಿಡ್ಡ ನಳಿಗೆಯದ್ದು ಎಂದು ಅವನು ವಿವರಿಸಿದ. ಎರಡರ ನಡುವಿನ ವ್ಯತ್ಯಾಸ ಮೂರು ಬೆರಳಿನ ಅಗಲಕ್ಕಿಂತ ಕಡಿಮೆ. ಆರ್ಡರ್ ಹಾಕಲು ಒಂದು ವಾರ ಸಮಯ. ಫೋನ್ ಇಡುವ ಮೊದಲು ಅವನು ಸಹಜವಾಗಿ ಒಂದು ಮಾತು ಸೇರಿಸಿದ:

“ಲೇಡೀಸಿಗೆಲ್ಲ ನಾವು ಶಾರ್ಟೇ ಕೊಡುವುದು ಸಾರ್. ಭಾರ ಕಮ್ಮಿ. ಅವರಿಗೆ ಅಷ್ಟೇ ಸಾಕು.”

ಅವರಿಗೆ ಅಷ್ಟೇ ಸಾಕು. ಆ ಮಾತು ನನ್ನನ್ನು ಎಷ್ಟು ಕೆರಳಿಸಿತೆಂದರೆ, ಆ ಕ್ಷಣದಲ್ಲೇ ತೀರ್ಮಾನ ಆಗಿಹೋಗಿತ್ತೆಂದು ಈಗ ಅರ್ಥವಾಗುತ್ತದೆ. ಅದೇ ಕಾಲದಲ್ಲಿ ಶೂಟಿಂಗ್ ನಿಯಮಗಳೂ ಬದಲಾಗಿದ್ದವು. ಮೊದಲು ಏರ್ ಪಿಸ್ತೂಲಿನಲ್ಲಿ ಗಂಡಸರಿಗೆ ಅರವತ್ತು ಗುಂಡು, ಹೆಂಗಸರಿಗೆ ನಲವತ್ತು ಎಂದಿತ್ತು. ಹೊಸ ನಿಯಮದಲ್ಲಿ ಇಬ್ಬರಿಗೂ ಅರವತ್ತು. ಆ ಸುದ್ದಿ ಬಂದ ದಿನ ನಾನು ವಾಚನಾಲಯದಲ್ಲಿ ಎಲ್ಲರಿಗೂ ಪಾಯಸ ಹಂಚಿದ್ದೆ. ಗುಂಡಿನ ಲೆಕ್ಕದಲ್ಲಿ ಸಮಾನತೆ ಬಂದಿರುವಾಗ ನಳಿಗೆಯಲ್ಲಿ ಮಾತ್ರ ಹೆಂಗಸಿಗೆ ಗಿಡ್ಡದ್ದೇಕೆ? ಸಣ್ಣ ನಳಿಗೆಯನ್ನು ಒಪ್ಪಿಕೊಂಡರೆ ಆ ವ್ಯಾಪಾರಿಯ ಮಾತನ್ನು ಒಪ್ಪಿಕೊಂಡಂತೆ ಎಂದು ನನಗೆ ತೋರಿತು.

ಆದರೂ ಏಕಪಕ್ಷೀಯವಾಗಿ ತೀರ್ಮಾನಿಸುವುದು ನನ್ನ ಶಿಸ್ತಿಗೆ ವಿರುದ್ಧ. ಆದ್ದರಿಂದ ಮುಂದಿನ ಭಾನುವಾರ ಅಕ್ಕನ ಮನೆಯಲ್ಲಿ ಊಟದ ನಂತರ ನಾನು ಒಂದು ಚರ್ಚೆಯನ್ನೇ ಏರ್ಪಡಿಸಿದೆ. ಹುಡುಗಿ ಗಿಡ್ಡ ನಳಿಗೆಯ ಪರ, ನಾನು ಉದ್ದ ನಳಿಗೆಯ ಪರ. ಒಬ್ಬೊಬ್ಬರಿಗೆ ಐದು ನಿಮಿಷ. ಸಮಯ ಮುಗಿದಾಗ ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿಯುವ ಕೆಲಸ ಅಕ್ಕನದ್ದು. ಸಭಿಕರ ಸ್ಥಾನದಲ್ಲಿ ನಮ್ಮ ಸೋದರಮಾವ, ಎಂದರೆ ಹುಡುಗಿಗೆ ಅಜ್ಜ. ಅವರು ತೋಟಕ್ಕೆ ಬರುವ ಹಂದಿಗಳಿಗಾಗಿ ಲೈಸೆನ್ಸಿನ ಕೋವಿ ಇಟ್ಟುಕೊಂಡಿದ್ದವರು. ಪ್ರತಿ ಚುನಾವಣೆಗೂ ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ಕೂತು ಪೊಲೀಸ್ ಸ್ಟೇಷನಿಗೆ ಒಪ್ಪಿಸಿ ಬರುವವರು. ಫಲಿತಾಂಶ ಬಂದ ಮರುದಿನ ಬಿಡಿಸಿಕೊಂಡು ಬರುವವರು. ಯಾವ ಪಕ್ಷ ಗೆದ್ದಿತೆಂಬುದಕ್ಕಿಂತ ಕೋವಿಗೆ ತುಕ್ಕು ಹಿಡಿಯಿತೇ ಎಂಬುದು ಅವರಿಗೆ ಮುಖ್ಯ.

ಹುಡುಗಿ ಎದ್ದು ನಿಂತಳು. ಕೈಯಲ್ಲಿ ಟಿಪ್ಪಣಿ ಇರಲಿಲ್ಲ.

“ಕ್ಲಬ್ಬಿನ ಪಿಸ್ತೂಲು ಗಿಡ್ಡದ್ದು. ಅದರಲ್ಲಿ ನನ್ನ ಕೈ ನಿಲ್ತದೆ. ಅಷ್ಟೇ.”

“ಅದು ಅಭ್ಯಾಸ. ಅಭ್ಯಾಸ ಕಾರಣ ಆಗುವುದಿಲ್ಲ,” ಎಂದೆ. “ಇನ್ನೂ ನಾಲ್ಕೂವರೆ ನಿಮಿಷ ಉಂಟು ನಿನಗೆ.”

“ನಾಲ್ಕೂವರೆ ನಿಮಿಷ ಎಂತ ಹೇಳುವುದು ಮಾವ? ಕೈಗೆ ಗೊತ್ತಾಗ್ತದೆ.”

“ಕೈಗೆ ಗೊತ್ತಾದದ್ದನ್ನು ಬಾಯಿ ಹೇಳಬೇಕು. ಚರ್ಚೆ ಅಂದರೆ ಅದೇ.”

ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ ನಡುವೆ ಬಾಯಿ ಹಾಕಿದರು. “ನಳಿಗೆ ಉದ್ದ ಇದ್ದರೆ ಗುಂಡು ನೇರ ಹೋಗ್ತದೆ. ಇದಕ್ಕೆ ಭಾಷಣ ಯಾಕೆ? ಹಂದಿ ಓಡಿ ಬರುವಾಗ ಗಿಡ್ಡ ಕೋವಿ ಹಿಡ್ಕೊಂಡು ನೀನೆಂತ ಮಾಡ್ತಿ?”

“ಅಜ್ಜ, ಅದು ಕಾಗದ. ಓಡಿ ಬರುವುದಿಲ್ಲ.”

“ಓಡದಿದ್ದರೂ ಉದ್ದ ಇರಲಿ. ನೋಡ್ಲಿಕ್ಕೆ ಒಂದು ಗತ್ತು ಬೇಡವಾ?”

ಅಕ್ಕ ನಗುತ್ತ ಲೋಟಕ್ಕೆ ಬಡಿದಳು; ಸಮಯ ಇನ್ನೂ ಆಗಿರಲಿಲ್ಲ.

ಆಮೇಲೆ ನಾನು ಎದ್ದೆ. ಪಿಸ್ತೂಲಿನಲ್ಲಿ ಗುರಿ ಹಿಡಿಯುವುದು ಎರಡು ಬಿಂದುಗಳಿಂದ: ಹಿಂಬದಿಯ ಸೀಳು ಮತ್ತು ನಳಿಗೆಯ ತುದಿಯ ಸಣ್ಣ ಲೋಹದ ತುಂಡು. ಇವೆರಡರ ನಡುವಿನ ದೂರ ಹೆಚ್ಚಿದಷ್ಟೂ ಗುರಿಯಲ್ಲಿ ತಪ್ಪು ಕಡಿಮೆಯಾಗುತ್ತದೆ. ಮೊಳಕೋಲಿನಿಂದ ಎಳೆದ ಗೆರೆ ಗೇಣುಕೋಲಿನಿಂದ ಎಳೆದದ್ದಕ್ಕಿಂತ ನೇರವಾಗಿರುವಂತೆ. ಎರಡನೆಯದಾಗಿ, ಮುಂಭಾಗದಲ್ಲಿ ಭಾರವಿದ್ದರೆ ಕೈಯ ನಡುಕ ಅಡಗುತ್ತದೆ. ಮೂರನೆಯದಾಗಿ ಸಮಾನತೆ. ಮೂರನೆಯದಕ್ಕೆ ಬಂದಾಗ ನನ್ನ ಧ್ವನಿ ತಾನಾಗಿ ಏರಿತು. ಐದು ನಿಮಿಷ ಮುಗಿದರೂ ಅಕ್ಕ ಲೋಟ ಬಡಿಯಲಿಲ್ಲ. ಹುಡುಗಿ ಕಿಟಕಿಯ ಕಡೆ ನೋಡುತ್ತ ಕೂತಿದ್ದಳು. ಕೊನೆಗೆ, “ಆಗಲಿ ಮಾವ, ಉದ್ದದ್ದೇ ತರಿಸುವ,” ಎಂದಳು. ಅವಳಿಗೆ ಮನವರಿಕೆ ಆಯಿತು ಎಂದು ನಾನು ತಿಳಿದೆ.

ಕೇಳಬೇಕಾಗಿದ್ದ ಇನ್ನೊಬ್ಬರನ್ನು ನಾನು ಕೇಳಿದ್ದೆ, ಇಲ್ಲವೆನ್ನಲಾರೆ. ರೇಂಜಿನ ತರಬೇತುದಾರರು ಸೈನ್ಯದಿಂದ ನಿವೃತ್ತರಾಗಿ ಬಂದವರು, ಮನೆಮಾತು ಮಲಯಾಳ. ಎಲ್ಲರೂ ಅವರನ್ನು ಮಾಷ್, ಎಂದರೆ ಮೇಷ್ಟ್ರು, ಎಂದೇ ಕರೆಯುವುದು. ಅವರು ನನ್ನನ್ನು ವಕೀಲರೇ ಎಂದು ಕರೆಯುತ್ತಿದ್ದರು, ನಾನು ವಕೀಲನಲ್ಲವೆಂದು ಗೊತ್ತಿದ್ದೂ. ಉದ್ದದ್ದೋ ಗಿಡ್ಡದ್ದೋ ಎಂದಾಗ ಅವರು ಹೇಳಿದ್ದಿಷ್ಟು:

“ಅದನ್ನು ಅವಳ ಕೈಯನ್ನು ಕೇಳಬೇಕು. ಎರಡೂ ಹಿಡಿದು ನೋಡದೆ ನಾನು ಎಂತ ಹೇಳುವುದು ವಕೀಲರೇ?”

ನಿಲುವಿಲ್ಲದ ಉತ್ತರ ಎಂದು ನಾನು ಅದನ್ನು ತಳ್ಳಿಹಾಕಿದೆ. ಚರ್ಚೆಯ ವೇದಿಕೆಯಲ್ಲಿ ಹೀಗೆ ಹೇಳಿದವನಿಗೆ ಅಂಕ ಸಿಗುವುದಿಲ್ಲ.

ಪಿಸ್ತೂಲು ಬಂತು. ಆ ಮಳೆಗಾಲದ ಸಂಜೆಗಳು ನನ್ನ ನೆನಪಿನಲ್ಲಿ ಬಹಳ ಬೆಳಕಾಗಿ ಉಳಿದಿವೆ. ಅಂಗೈಗೆ ಸರಿಯಾಗಿ ಕೂರುವಂತೆ ಮರದ ಹಿಡಿಯನ್ನು ಅವಳೇ ಅರದಿಂದ ಉಜ್ಜಿ ಉಜ್ಜಿ ತಿದ್ದಿಕೊಂಡಳು. ಮರದ ಪುಡಿ ಅವಳ ಮೊಣಕೈಯವರೆಗೆ ಹಿಡಿದಿರುತ್ತಿತ್ತು. ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅವಳು ಒಂದು ಕೈಯನ್ನು ಜೇಬಿಗೆ ತೂರಿಸಿ, ಇನ್ನೊಂದನ್ನು ನೇರವಾಗಿ ಚಾಚಿ ನಿಲ್ಲುತ್ತಿದ್ದಳು. ಉಸಿರು ಅರ್ಧ ಬಿಟ್ಟು ಹಿಡಿಯುತ್ತಿದ್ದಳು. ಟಪ್ ಎಂಬ ಸಣ್ಣ ಸದ್ದು. ರಾಟೆ ಎಳೆದರೆ ಕಾಗದ ತೂಗಾಡುತ್ತ ಹತ್ತಿರ ಬರುತ್ತಿತ್ತು. ಮೊದಲ ತಿಂಗಳು ಅಂಕಗಳು ಏರಿದವು. ಅಜ್ಜ ಒಂದು ದಿನ ನೋಡಲು ಬಂದವರು, ಕಾಗದದ ನಡುವಿನ ತೂತುಗಳನ್ನು ಕನ್ನಡಕ ಏರಿಸಿ ಪರೀಕ್ಷಿಸಿ, “ಹಂದಿ ಆಗಿದ್ದರೆ ಇದು ಮೂರು ಸಲ ಸಾಯ್ತಿತ್ತು,” ಎಂದು ತೃಪ್ತಿಯಿಂದ ಹೇಳಿಹೋದರು. ನಾನು ಪ್ರತಿ ಕಾಗದದ ಹಿಂದೆ ತಾರೀಕು ಬರೆದು ಜೋಪಾನವಾಗಿ ಇಡುತ್ತಿದ್ದೆ.

ಮಾಷ್ ಮಾತ್ರ ಆ ಕಾಗದಗಳನ್ನು ಬೇರೆ ರೀತಿಯಲ್ಲಿ ಓದುತ್ತಿದ್ದರು. ರಾಜ್ಯ ಸ್ಪರ್ಧೆಗೆ ಮೂರು ವಾರ ಉಳಿದಿದ್ದಾಗ ಒಂದು ಸಂಜೆ ಅವರು ಅವಳ ಅರವತ್ತು ಗುಂಡುಗಳ ಕಾಗದಗಳನ್ನು ಹೊಡೆದ ಕ್ರಮದಲ್ಲೇ ನೆಲದ ಮೇಲೆ ಹರಡಿದರು. ಮೊದಲ ನಲವತ್ತರಲ್ಲಿ ತೂತುಗಳು ನಡುವಿನ ಸುತ್ತ ಗುಂಪಾಗಿದ್ದವು. ಆಮೇಲೆ ಒಂದೊಂದಾಗಿ ಕೆಳಕ್ಕೆ ಇಳಿಯುತ್ತ ಹೋಗಿದ್ದವು, ಇಳಿಜಾರಿನಲ್ಲಿ ಉರುಳಿದ ಗೋಟಡಿಕೆಯ ಹಾಗೆ.

“ನಲವತ್ತರ ತನಕ ನಿಮ್ಮ ವಾದ ಸರಿ ವಕೀಲರೇ,” ಎಂದರು. “ಆದರೆ ಈಗ ಅರವತ್ತಲ್ಲವಾ? ನೀವೇ ಪಾಯಸ ಕೊಟ್ಟದ್ದು.”

ತುದಿಯ ಭಾರ ಅವಳ ಮಣಿಕಟ್ಟನ್ನು ಕೊನೆಯಲ್ಲಿ ಎಳೆಯುತ್ತಿತ್ತು. ಉದ್ದ ನಳಿಗೆಯ ಇನ್ನೊಂದು ಗುಣವನ್ನೂ ಅವರು ಹೇಳಿದರು: ಕೈಯ ಸಣ್ಣ ನಡುಕವೂ ಅದರಲ್ಲಿ ದೊಡ್ಡದಾಗಿ ಕಾಣುತ್ತದೆ, ಕಂಡದ್ದನ್ನು ತಿದ್ದಲು ಹೋಗಿ ಹೊಡೆಯುವವರು ಇನ್ನಷ್ಟು ಕೆಡಿಸುತ್ತಾರೆ. ನನ್ನ ಮೂರು ಅಂಶಗಳಲ್ಲಿ ಇದು ಇರಲಿಲ್ಲ. ಸ್ಪರ್ಧೆ ಹತ್ತಿರವಿದ್ದುದರಿಂದ ಬದಲಿಸುವಂತೆ ಇರಲಿಲ್ಲ. ಮನೆಯ ಇಸ್ತ್ರಿಪೆಟ್ಟಿಗೆಯನ್ನು ಕೈಚಾಚಿ ಹಿಡಿದು ನಿಲ್ಲುವ ವ್ಯಾಯಾಮ ಹೇಳಿಕೊಟ್ಟರು. ಮೂರು ವಾರ ಅವಳು ಬೆಳಿಗ್ಗೆ ಸಂಜೆ ಅದನ್ನು ಹಿಡಿದು ನಿಂತಳು.

ಕಾಸರಗೋಡಿನಿಂದ ತಿರುವನಂತಪುರಕ್ಕೆ ಹೋಗುವುದೆಂದರೆ ಇಡೀ ಕೇರಳವನ್ನು ತಲೆಯಿಂದ ಕಾಲಿನವರೆಗೆ ದಾಟುವುದು. ಹಗಲಿನ ರೈಲಿನಲ್ಲಿ ನಾನು, ಅವಳು, ಮಾಷ್. ಅಕ್ಕ ಹಲಸಿನೆಲೆಯಲ್ಲಿ ಬೇಯಿಸಿ ಕೊಟ್ಟ ಕೊಟ್ಟಿಗೆ ಕಡುಬನ್ನು ಕಣ್ಣೂರು ದಾಟುವುದರೊಳಗೆ ಮುಗಿಸಿದ್ದೆವು. ಹುಡುಗಿ ಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು.

ಮರುದಿನ ಸ್ಪರ್ಧೆ. ನಾನು ಅವಳ ಹಿಂದೆ, ಹಗ್ಗದ ಆಚೆ ಕೂತೆ. ಮೂವತ್ತು ಗುಂಡುಗಳವರೆಗೆ ಅವಳು ಅರ್ಹತೆಗೆ ಬೇಕಾದದ್ದಕ್ಕಿಂತ ಮೇಲಿದ್ದಳು. ನಲವತ್ತರವರೆಗೂ ಇದ್ದಳು. ಆಮೇಲೆ ಅವಳು ಪಿಸ್ತೂಲನ್ನು ಎತ್ತುವುದು, ಹೊಡೆಯದೆ ಮೇಜಿನ ಮೇಲೆ ಇಳಿಸುವುದು ಶುರುವಾಯಿತು. ಎತ್ತುವುದು, ಇಳಿಸುವುದು. ಐವತ್ತರ ಮೇಲೆ ಒಂದೊಂದು ಗುಂಡಿಗೂ ಮೂರು ಮೂರು ಸಲ. ಗಡಿಯಾರ ಓಡುತ್ತಿತ್ತು. ಕೊನೆಯ ನಾಲ್ಕು ಗುಂಡುಗಳನ್ನು ಅವಸರದಲ್ಲಿ ಹೊಡೆದಳು. ಎಲ್ಲವೂ ಕೆಳಗೆ ಬಿದ್ದವು. ಅರ್ಹತೆಗೆ ಎರಡು ಅಂಕ ಕಡಿಮೆಯಾಯಿತು.

ವಾಪಸಾಗುವ ರೈಲಿನಲ್ಲಿ ಮಾಷ್ ಮೇಲಿನ ಬರ್ತಿಗೆ ಹತ್ತಿ ಮಲಗಿದರು. ಶೊರ್ನೂರಿನ ಹತ್ತಿರ ಹೊಳೆ ದಾಟುವಾಗ ನಾನು ಶುರುಮಾಡಿದೆ:

“ನೋಡು, ಇದನ್ನು ಎರಡು ರೀತಿಯಲ್ಲಿ ನೋಡಬಹುದು.”

“ಮಾವ,” ಎಂದಳು ಅವಳು, ಕಿಟಕಿಯಿಂದ ಮುಖ ತಿರುಗಿಸದೆ. “ಇವತ್ತು ವಾದ ಬೇಡ.”

ಕೋಪವಿರಲಿಲ್ಲ ಆ ಧ್ವನಿಯಲ್ಲಿ. ಆಯಾಸವಿತ್ತು. ಅವಳ ಬಲಗೈ ಮಡಿಲಲ್ಲಿ, ಅಂಗೈ ಮೇಲಾಗಿ, ಬೇರೆ ಯಾರದೋ ಕೈ ಎಂಬಂತೆ ಬಿದ್ದಿತ್ತು. ಕುಂಜತ್ತೂರಿನ ಮನೆಯಲ್ಲಿ ಅವಳು “ಆಗಲಿ ಮಾವ” ಎಂದದ್ದು ಮನವರಿಕೆಯಿಂದಲ್ಲ, ಇದೇ ಆಯಾಸದಿಂದ ಎಂಬುದು ನನಗೆ ಆ ಸೇತುವೆಯ ಮೇಲೆ ಹೊಳೆಯಿತು. ಹೆಣ್ಣುಮಕ್ಕಳು ತಮ್ಮ ಬಾಳಿನ ತೀರ್ಮಾನಗಳನ್ನು ತಾವೇ ಮಾಡಬೇಕೆಂದು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ಆದರೆ ಆ ತೀರ್ಮಾನವನ್ನು ಐದು ನಿಮಿಷದಲ್ಲಿ, ಎದ್ದು ನಿಂತು, ನನ್ನನ್ನು ಸೋಲಿಸಿ ಸಾಧಿಸಬೇಕೆಂಬ ಷರತ್ತನ್ನು ಯಾವಾಗ ಸೇರಿಸಿದೆನೋ ನನಗೇ ತಿಳಿಯದು. ಚೆನ್ನಾಗಿ ಮಾತಾಡಬಲ್ಲವನಿಗೆ ಅದು ನ್ಯಾಯದ ಹಾಗೆಯೇ ಕಾಣುತ್ತದೆ.

ಉಳಿದದ್ದು ಒಂದೇ ಸ್ಪರ್ಧೆ. ಎರಡು ತಿಂಗಳು ನಾನು ರೇಂಜಿನ ಕಡೆಗೆ ಹೋಗಲಿಲ್ಲ. ಪರೀಕ್ಷೆಯ ಪತ್ರಿಕೆಗಳು ತಿದ್ದಲಿಕ್ಕಿವೆ ಎಂದು ಅಕ್ಕನಿಗೆ ಹೇಳಿದ್ದೆ. ಒಂದು ದಿನ ದಾರಿಯಲ್ಲಿ ಸಿಕ್ಕಿದ ಸೋದರಮಾವ ಕೇಳಿದರು:

“ನಿನಗೆ ಗೊತ್ತುಂಟಾ ಮಾರಾಯ, ಉದ್ದದ್ದು ಕೊಟ್ಟು ಗಿಡ್ಡದ್ದು ತಂದಿದ್ದಾಳೆ ನಿನ್ನ ಸೊಸೆ. ಎತ್ತು ಕೊಟ್ಟು ಕರು ತಂದ ಹಾಗೆ ಆಯ್ತಲ್ಲ.”

ಗೊತ್ತಿರಲಿಲ್ಲ. ಮೊದಲ ಕ್ಷಣದಲ್ಲಿ ಬೇಸರವೇ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ. ಮರುದಿನ ಗೋದಾಮಿಗೆ ಹೋದಾಗ ವಿಷಯ ತಿಳಿಯಿತು. ನೀಲೇಶ್ವರದ ಕಡೆಯ ಒಬ್ಬಳು ಹುಡುಗಿ, ವಾಲಿಬಾಲ್ ಆಡುತ್ತಿದ್ದ ಎತ್ತರದವಳು, ಬಲವಾದ ತೋಳಿನವಳು, ಅದೇ ಮಾದರಿಯ ಗಿಡ್ಡ ನಳಿಗೆಯದ್ದನ್ನು ಹಿಡಿದು ಒದ್ದಾಡುತ್ತಿದ್ದಳಂತೆ. ಅವಳಿಗೆ ಅದು ತೀರಾ ಹಗುರ. ಕೈ ಗಾಳಿಯಲ್ಲಿ ತೇಲಿದಂತಾಗುತ್ತಿತ್ತು. ಅದನ್ನು ಅವಳಿಗೆ ಕೊಡಿಸಿದ್ದು ಲೇಡೀಸಿಗೆ ಇದೇ ಸಾಕು ಎಂಬ ಮಾತು. ನನ್ನ ವಾದ ಸರಿಯಿತ್ತು, ಆದರೆ ಇನ್ನೊಂದು ಮನೆಯ ಹುಡುಗಿಯ ಪಾಲಿಗೆ. ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು, ಹೆತ್ತವರನ್ನು ಒಪ್ಪಿಸಿ, ಒಂದು ಶನಿವಾರ ಇಲ್ಲಿಯೇ ಪರೀಕ್ಷಿಸಿ ನೋಡಿದ್ದರು. ಮಾಷ್ ಇಬ್ಬರಿಗೂ ಕಣ್ಣು ಮುಚ್ಚಿ ಕೈ ಎತ್ತಲು ಹೇಳಿದರಂತೆ. ಕೈ ತಾನಾಗಿ ನಿಂತ ಮೇಲೆ ಕಣ್ಣು ತೆರೆದು ಪಿಸ್ತೂಲಿನ ತುದಿ ಎಲ್ಲಿದೆ ಎಂದು ನೋಡಬೇಕು. ತುದಿ ಗುರಿಗೆ ನೇರವಿದ್ದರೆ ಆ ಪಿಸ್ತೂಲು ಆ ಕೈಯದ್ದು. ಮೂರು ನಿಮಿಷದ ಕೆಲಸ. ಮರದ ಹಿಡಿಗಳನ್ನು ಬಿಚ್ಚಿ, ಅವರವರ ಕೈಗೆ ತಿದ್ದಿದ್ದನ್ನು ಅವರವರೇ ಇಟ್ಟುಕೊಂಡು, ಪಿಸ್ತೂಲುಗಳನ್ನು ಅದಲುಬದಲು ಮಾಡಿಕೊಂಡಿದ್ದರು.

“ನಿಮಗೆ ಹೇಳಬೇಕು ಅಂತ ಇತ್ತು ಮಾವ,” ಎಂದಳು ಹುಡುಗಿ. “ಹೇಳಿದರೆ ನೀವು ಒಪ್ತೀರಿ ಅಂತಲೂ ಗೊತ್ತಿತ್ತು. ಆದರೆ ಒಪ್ಪುವ ಮೊದಲು ಒಂದು ಗಂಟೆ ಆಗ್ತದಲ್ಲ.”

ಮಾಷ್ ಬೇರೆ ಕಡೆ ತಿರುಗಿ ಕೆಮ್ಮಿದರು.

“ಈಗ ಅರವತ್ತು ಹೊಡೆಯುತ್ತೇನೆ,” ಎಂದಳು. “ನೀವು ಕೂತು ನೋಡಿ. ಮುಗಿಯುವ ತನಕ ಎಂತದೂ ಹೇಳಬೇಡಿ. ಚೆನ್ನಾಗಿ ಹೊಡೆದೆ ಅಂತಲೂ ಬೇಡ.”

ನಾನು ಕೂತೆ. ಅದು ಮಾಡಿನ ಮೇಲೆ ಮಳೆಯ ಸದ್ದಿಲ್ಲದ, ಬಿಸಿಲಿಳಿಯುವ ಹೊತ್ತು; ಮಾಡಿನ ತೂತುಗಳಿಂದ ಬಂದ ಬೆಳಕಿನ ಕೋಲುಗಳಲ್ಲಿ ಧೂಳು ಆಡುತ್ತಿತ್ತು. ಒಂದೂಕಾಲು ಗಂಟೆ ನಾನು ಬಾಯಿ ತೆರೆಯಲಿಲ್ಲ. ನಿದ್ದೆಯ ಹೊರತು ನನ್ನ ಬಾಳಿನಲ್ಲಿ ಅಷ್ಟು ಹೊತ್ತು ಸುಮ್ಮನಿದ್ದ ನೆನಪಿಲ್ಲ. ಸುಮ್ಮನಿದ್ದಾಗ ಬೇರೆ ಸಂಗತಿಗಳು ಕಾಣತೊಡಗಿದವು. ಪಿಸ್ತೂಲನ್ನು ಎತ್ತುವ ಮೊದಲು ಅವಳು ಎಡಗಾಲಿನ ಹೆಬ್ಬೆರಳನ್ನು ಶೂವಿನೊಳಗೆ ಒತ್ತುತ್ತಿದ್ದಳು. ಕೈ ಮೇಲೆ ಹೋಗಿ, ತುಸು ಇಳಿದು, ಗುರಿಯ ಕೆಳಗೆ ಬಂದು ಹಕ್ಕಿ ಕೊಂಬೆಯ ಮೇಲೆ ಕೂತಂತೆ ಕೂರುತ್ತಿತ್ತು. ನಲವತ್ತಾದ ಮೇಲೂ ಕೂರುತ್ತಿತ್ತು. ತೂತುಗಳು ಮೊದಲಿನಷ್ಟು ಬಿಗಿಯಾದ ಗುಂಪಾಗಿರಲಿಲ್ಲ, ಆದರೆ ಕೆಳಗೆ ಇಳಿಯಲೂ ಇಲ್ಲ.

ಮರುವರ್ಷದ ರಾಜ್ಯ ಸ್ಪರ್ಧೆಗೆ ಅವಳು ಮಾಷ್ ಮತ್ತು ನೀಲೇಶ್ವರದ ಹುಡುಗಿಯ ಜೊತೆ ಹೋದಳು. ನಾನು ಬರಲೇ ಎಂದು ಕೇಳಿದೆ. ಈ ಸಲ ಬೇಡ ಎಂದಳು. ನಾನು ಯಾಕೆ ಎಂದು ಕೇಳಲಿಲ್ಲ. ಸ್ಪರ್ಧೆಯ ದಿನ ಮಧ್ಯಾಹ್ನ ವಾಚನಾಲಯದಲ್ಲಿ ಪುಸ್ತಕಗಳಿಗೆ ಅಂಟು ಹಚ್ಚುತ್ತ ಕೂತಿದ್ದೆ. ಒಂದೇ ಪುಸ್ತಕದ ಬೆನ್ನಿಗೆ ಎರಡು ಸಲ ಹಚ್ಚಿದೆ. ಮೂರು ಗಂಟೆಗೆ ಫೋನ್ ಬಂತು.

“ಆಯ್ತು ಮಾವ,” ಎಂದಳು. “ಅರ್ಹತೆ ಸಿಕ್ಕಿತು. ಒಂದು ಅಂಕ ಹೆಚ್ಚೇ ಉಂಟು.”

ಎಷ್ಟು ಅಂಕ, ಎಷ್ಟನೆಯ ಸ್ಥಾನ, ಎದುರಾಳಿಗಳು ಯಾರು, ರಾಷ್ಟ್ರೀಯ ಸ್ಪರ್ಧೆ ಯಾವಾಗ ಎಂಬ ಪ್ರಶ್ನೆಗಳು ನನ್ನ ನಾಲಗೆಯ ಮೇಲೆ ಸಾಲುಗಟ್ಟಿ ನಿಂತಿದ್ದವು. ಅವೆಲ್ಲವನ್ನೂ ನುಂಗಿಕೊಂಡು, “ಕೈ ನೋವುಂಟಾ?” ಎಂದೆ.

ಆಚೆ ಕಡೆ ಅವಳ ಹಿಂದೆ ಯಾರೋ ನಗುತ್ತಿದ್ದುದು, ಕುರ್ಚಿ ಎಳೆದದ್ದು ಕೇಳಿಸಿತು.

“ಸ್ವಲ್ಪ ಉಂಟು. ಐವತ್ತರ ನಂತರ ಶುರುವಾಯ್ತು,” ಎಂದಳು. ಆಮೇಲೆ ನಾನು ಕೇಳದೆಯೇ, ಐವತ್ತೊಂದನೆಯ ಗುಂಡಿನಿಂದ ಒಂದೊಂದನ್ನೇ ಹೇಳಲು ತೊಡಗಿದಳು. ಐವತ್ತೈದನೆಯದನ್ನು ಎತ್ತಿ ಇಳಿಸಿದ್ದು ಯಾಕೆ, ಐವತ್ತೆಂಟನೆಯದು ಎಡಕ್ಕೆ ಹೋದದ್ದು ಹೇಗೆ. ನಾನು ಅಂಟಿನ ಕೈಯಲ್ಲೇ ಫೋನ್ ಹಿಡಿದು ಕೇಳುತ್ತ ನಿಂತೆ.